ಎಕ್ಸ್‌ಪೋಷರ್ ಕಾಂಪನ್ಸೇಷನ್: ಮಂಜು ಮಾಸುವುದೇಕೆ, ಬೆಳ್ಳಕ್ಕಿ ಸುಣ್ಣವಾಗುವುದೇಕೆ

ಕೊಡಚಾದ್ರಿಯ ನೆತ್ತಿಯಲ್ಲಿ ಹಾಲಿನಂತೆ ಕಂಡ ಮಂಜು ಫೋಟೋದಲ್ಲಿ ಸೌದೆ ಒಲೆಯ ಹೊಗೆಯಂತೆ ಮಾಸಲಾಗಿರುತ್ತದೆ. ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿಗೆ ಇದರ ಉಲ್ಟಾ ಕಾಯಿಲೆ: ಗರಿಯೊಂದೂ ಕಾಣದ ಸುಣ್ಣದ ಮುದ್ದೆ. ಎರಡೂ ಕಡೆ ಕ್ಯಾಮೆರಾ ಕೆಟ್ಟಿಲ್ಲ, ತನಗೆ ಗೊತ್ತಿರುವ ಒಂದೇ ಲೆಕ್ಕ ಹಾಕಿದೆ. ಆ ಲೆಕ್ಕ ತಿದ್ದುವ ಸೌಲಭ್ಯವೇ ಎಕ್ಸ್‌ಪೋಷರ್ ಕಾಂಪನ್ಸೇಷನ್. ಕ್ಯಾಮೆರಾದ ಮೇಲೆ +/− ಎಂದು ಗುರುತು ಮಾಡಿದ ಗುಂಡಿ ಅಥವಾ ತಿರುಗಣೆ ಇದಕ್ಕಾಗಿಯೇ ಇರುವುದು.

ಮುಳುಗಡೆ ಕಂಡ ನಮ್ಮ ಸೀಮೆಯಲ್ಲಿ ಕಾಂಪನ್ಸೇಷನ್ ಎಂದರೆ ಮೊದಲು ನೆನಪಾಗುವುದು ಸರ್ಕಾರದ ಪರಿಹಾರ. ಇಲ್ಲಿ ಅದರ ಅರ್ಥ ಸರಿದೂಗಿಸುವುದು. ಎಕ್ಸ್‌ಪೋಷರ್ ಎಂದರೆ ಸೆನ್ಸರಿನ ಮೇಲೆ ಬೀಳುವ ಒಟ್ಟು ಬೆಳಕು. ಅದನ್ನು ಅಳೆಯುವ ಸ್ಟಾಪ್ ಎಂಬ ಮಾನಕ್ಕೆ ಇವಿ ಎಂಬ ಹೆಸರೂ ಇದೆ. +1 ಎಂದರೆ ಬೆಳಕು ಎರಡು ಪಟ್ಟು, −1 ಎಂದರೆ ಅರ್ಧ. ಸಾಮಾನ್ಯವಾಗಿ ತಿರುಗಣೆಯ ಒಂದೊಂದು ಟಿಕ್ಕಿಗೆ ಮೂರನೇ ಒಂದು ಸ್ಟಾಪ್, ಅಂದರೆ 0.3, ಬದಲಾಗುತ್ತದೆ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಮಂಜೋ ಆನೆಯೋ ಗೊತ್ತಿಲ್ಲ. ಅದು ಅಳೆಯುವುದು ಅಲ್ಲಿಂದ ವಾಪಸು ಬಂದ ಬೆಳಕನ್ನು. ಚೌಕಟ್ಟಿನಲ್ಲಿರುವುದೆಲ್ಲದರ ಸರಾಸರಿ ನಡುಬೂದು ಎಂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂತಿರುಗಿಸುವ ಮೇಲ್ಮೈ ಎಂದು, ಅದು ಭಾವಿಸಿಕೊಳ್ಳುತ್ತದೆ. ಬಿಳಿ ಸಿಕ್ಕರೆ ಬೂದಿಗೆ ಇಳಿಸುತ್ತದೆ, ಕಪ್ಪು ಸಿಕ್ಕರೆ ಬೂದಿಗೆ ಏರಿಸುತ್ತದೆ. ಆದ್ದರಿಂದ ಚೌಕಟ್ಟು ಬಿಳಿಯಿಂದ ತುಂಬಿದ್ದರೆ +, ಕಪ್ಪಿನಿಂದ ತುಂಬಿದ್ದರೆ −. ಮೊದಮೊದಲು ಇದು ತಲೆಕೆಳಗಾಗಿ ತೋರುತ್ತದೆ. ಬಿಳಿಗೆ ಇನ್ನೂ ಬೆಳಕು ಏಕೆ ಎನಿಸಿದರೆ, ಕ್ಯಾಮೆರಾ ಆಗಲೇ ಬೆಳಕು ಕಡಿಮೆ ಮಾಡಿದೆ ಎಂಬುದನ್ನು ನೆನೆದರೆ ಸಾಕು. ಅಚ್ಚ ಬಿಳಿ ಶೇ. 90ರಷ್ಟು ಬೆಳಕನ್ನು ಹಿಂತಿರುಗಿಸುತ್ತದೆ. 18ರಿಂದ 90ಕ್ಕೆ ಎರಡೂಕಾಲು ಸ್ಟಾಪಿಗಿಂತ ಚೂರು ಹೆಚ್ಚು. ಬಿಳಿ ವಸ್ತುವಿಗೂ +2 ದಾಟುವ ಪ್ರಸಂಗ ಅಪರೂಪವಾಗುವುದು ಇದಕ್ಕೇ. ಚೌಕಟ್ಟನ್ನು ಹಲವು ಭಾಗ ಮಾಡಿ ಅಳೆಯುವ ಈಗಿನ ಮ್ಯಾಟ್ರಿಕ್ಸ್ ಮೀಟರಿಂಗ್ ತಾನೂ ಒಂದಿಷ್ಟು ಊಹಿಸಿ ತಿದ್ದಿಕೊಳ್ಳುವುದರಿಂದ ಬಳಕೆಯ ಅಂಕಿಗಳು ಇನ್ನೂ ಚಿಕ್ಕವು. ದಟ್ಟ ಮಂಜಿಗೆ +1ರಿಂದ ಶುರು ಮಾಡಿ, ಸಾಲದಿದ್ದರೆ +1.7ರವರೆಗೆ ಹೋಗಬಹುದು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. “ಬಿಳಿ ಹಕ್ಕಿಗೆ ಪ್ಲಸ್” ಎಂದು ಬಾಯಿಪಾಠ ಮಾಡಿಕೊಂಡು ಮಂಡಗದ್ದೆಗೆ ಹೋದರೆ ಕೆಲಸ ಕೆಡುತ್ತದೆ. ಮಳೆಗಾಲದ ತುಂಗೆಯ ನಡುವಿನ ನಡುಗಡ್ಡೆಯಲ್ಲಿ ಹಕ್ಕಿ ಕೂತಿರುವುದು ಕಡುಹಸಿರು ಮರದ ಮೇಲೆ. ದಡದಿಂದ ತೆಗೆದಾಗ ಹಕ್ಕಿ ಚೌಕಟ್ಟಿನ ಹತ್ತನೇ ಒಂದು ಪಾಲೂ ಇರುವುದಿಲ್ಲ, ಉಳಿದದ್ದೆಲ್ಲ ಕತ್ತಲೆಯ ಎಲೆ. ಮೀಟರ್ ಎಲೆಯನ್ನು ನಂಬಿ ಬೆಳಕು ಏರಿಸುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ, ಅಂದರೆ ವಿವರವಿಲ್ಲದ ಬರೀ ಬಿಳಿಯಾಗುತ್ತದೆ. ಇಲ್ಲಿ ಬೇಕಾದದ್ದು −0.7ರಿಂದ −1.3. ಅದೇ ಬೆಳ್ಳಕ್ಕಿ ಮೋಡದ ಬಿಳಿ ಆಕಾಶಕ್ಕೆ ಎದ್ದು ಹಾರಿದರೆ +1 ಬೇಕು. ಹಕ್ಕಿ ಬದಲಾಗಿಲ್ಲ, ಹಿನ್ನೆಲೆ ಬದಲಾಗಿದೆ. ಚಿಹ್ನೆ ನಿರ್ಧರಿಸುವುದು ನಿಮ್ಮ ವಸ್ತುವಿನ ಬಣ್ಣವಲ್ಲ, ಚೌಕಟ್ಟನ್ನು ತುಂಬಿರುವುದರ ಬಣ್ಣ.

ಇದನ್ನು ಹಿಡಿದುಕೊಂಡರೆ ಉಳಿದ ಜಾಗಗಳು ಸುಲಭ. ಸಕ್ರೆಬೈಲಿನಲ್ಲಿ ನೀರಿಗಿಳಿದ ಆನೆಯ ಒದ್ದೆ ಮೈ ಚೌಕಟ್ಟು ತುಂಬಿದ್ದರೆ −0.7, ಇಲ್ಲವಾದರೆ ಕರಿ ಚರ್ಮ ಬೂದಿ ಬಳಿದಂತಾಗುತ್ತದೆ. ಎಲೆಯಿಲ್ಲದ ಕೊಂಬೆಯ ಮೇಲೆ, ಬಿಳಿ ಮೋಡದ ಮುಂದೆ ಕೂತ ಮಂಗಟ್ಟೆಗೆ +1.3ರಿಂದ +2. ಆಕಾಶ ಪೂರ್ತಿ ಬಿಳಿಯಾಗುತ್ತದೆ, ಆಗಲಿ. ಕೊಕ್ಕಿನ ಬಣ್ಣ ಬೇಕೆಂದರೆ ಆ ಬೆಲೆ ತೆರಲೇಬೇಕು. ಜೋಗದಲ್ಲಿ ಕಪ್ಪು ಬಂಡೆ ಹೆಚ್ಚು, ನೀರಿನ ಎಳೆ ತೆಳುವಾಗಿದ್ದಾಗ −0.7. ಹತ್ತು ನಿಮಿಷದಲ್ಲಿ ಕಣಿವೆಯಿಂದ ಮಂಜೆದ್ದು ರಾಜ, ರೋರರ್ ಎರಡೂ ಮಸುಕಾದರೆ ಅದೇ ಜಾಗದಲ್ಲಿ +1. ಆಗುಂಬೆಯ ಸೂರ್ಯಾಸ್ತದ ಬಣ್ಣಕ್ಕೆ 0 ಅಥವಾ −0.7 ಸಾಕು. ಸೂರ್ಯನಿಗೆ ಬೆನ್ನು ಮಾಡಿ ನಿಂತವರ ಮುಖವೂ ಬೇಕೆಂದರೆ ಫ್ಲಾಶ್ ಬಳಸಿ.

ಗುಂಡಿ ತಿರುಗಿಸಿದರೂ ಫೋಟೋ ಬದಲಾಗಲಿಲ್ಲವೆಂದರೆ ಮೋಡ್ ನೋಡಿ. ಅಪರ್ಚರನ್ನು (ಲೆನ್ಸಿನ ಕಿಂಡಿ) ನೀವೇ ಇಡುವ ಅಪರ್ಚರ್ ಪ್ರಯಾರಿಟಿಯಲ್ಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಸ್ಥಿರವಿದ್ದರೆ, +1 ಕೊಟ್ಟಾಗ 1/500 ಸೆಕೆಂಡ್ ಇದ್ದ ಶಟರ್ 1/250ಕ್ಕೆ ಇಳಿಯುತ್ತದೆ. ಬೆಳಕು ಸರಿಹೋಗಿ ರೆಕ್ಕೆ ಮಸುಕಾಗುವುದು ಹೀಗೆ. ಶಟರ್ ವೇಗವನ್ನು ನೀವೇ ಇಡುವ ಶಟರ್ ಪ್ರಯಾರಿಟಿಯಲ್ಲಿ ಅಪರ್ಚರ್ ತೆರೆದುಕೊಳ್ಳಬೇಕು. ಲೆನ್ಸ್ ಆಗಲೇ ಎಫ್5.6ಕ್ಕೆ ಪೂರ್ತಿ ತೆರೆದಿದ್ದರೆ ಇನ್ನು ತೆರೆಯಲು ಏನೂ ಉಳಿದಿಲ್ಲ, ಅಂಕಿ ಮಿಣುಕುತ್ತದೆ, ಫೋಟೋ ಕತ್ತಲೆಯಾಗಿಯೇ ಇರುತ್ತದೆ. ಮ್ಯಾನುವಲ್‌ನಲ್ಲಿ ಐಎಸ್‌ಒ ಕೂಡ ಕೈಯಲ್ಲೇ ಇಟ್ಟಿದ್ದರೆ ಈ ಗುಂಡಿಯಿಂದ ಚಿತ್ರದ ಬೆಳಕು ಬದಲಾಗದು. ಮಳೆಕಾಡಿನ ಮಂದ ಬೆಳಕಿಗೆ ನಮ್ಮ ಶಿಫಾರಸು: ಮ್ಯಾನುವಲ್ ಮೋಡ್, ಶಟರ್ ಮತ್ತು ಅಪರ್ಚರ್ ನಿಮ್ಮವು, ಐಎಸ್‌ಒ ಆಟೋ. ಆಗ ಕಾಂಪನ್ಸೇಷನ್ ಬದಲಿಸುವುದು ಐಎಸ್‌ಒ ಒಂದನ್ನೇ. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಈ ಜೋಡಿ ಕೆಲಸ ಮಾಡದು, ಮೊದಲೇ ಪರೀಕ್ಷಿಸಿಕೊಳ್ಳಿ.

ಚೌಕಟ್ಟಿನ ಒಂದು ಚಿಕ್ಕ ಚುಕ್ಕೆಯನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟವರಿಗೆ ಮೇಲಿನ ಅಂಕಿಗಳು ಅನ್ವಯಿಸವು. ಚುಕ್ಕೆ ಬೆಳ್ಳಕ್ಕಿಯ ಮೇಲೆ ಬಿದ್ದಿದ್ದರೆ +1.3 ಸರಿ, ಅದು ಜಾರಿ ಎಲೆಯ ಮೇಲೆ ಬಿದ್ದರೆ ಅದೇ +1.3 ಹಕ್ಕಿಯನ್ನು ಪೂರ್ತಿ ಅಳಿಸುತ್ತದೆ. ನಿಕಾನ್‌ನಲ್ಲಿ ಈ ಚುಕ್ಕೆ ಸಾಮಾನ್ಯವಾಗಿ ಫೋಕಸ್ ಪಾಯಿಂಟಿನ ಜೊತೆ ಚಲಿಸುತ್ತದೆ, ಕ್ಯಾನನ್‌ನ ಬಹುಪಾಲು ಮಾಡೆಲ್‌ಗಳಲ್ಲಿ ಚೌಕಟ್ಟಿನ ನಡುವೆಯೇ ನಿಲ್ಲುತ್ತದೆ.

ಅಂಕಿ ಸರಿಯಾಯಿತೇ ಎಂದು ಹಿಂಬದಿಯ ಪರದೆಯ ಹೊಳಪು ನೋಡಿ ತೀರ್ಮಾನಿಸಬೇಡಿ. ಕಾಡಿನ ನೆರಳಲ್ಲಿ ಎಂಥ ಫೋಟೋವೂ ಬೆಳಗಿದಂತೆ ಕಾಣುತ್ತದೆ. ಚಿತ್ರದ ಕತ್ತಲೆಯನ್ನು ಎಡಕ್ಕೂ ಬೆಳಕನ್ನು ಬಲಕ್ಕೂ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ತೆರೆಯಿರಿ. ಮಂಜಿನ ಚಿತ್ರದಲ್ಲಿ ಗುಡ್ಡದಂಥ ಉಬ್ಬು ನಡುವಿನಿಂದ ಬಲಕ್ಕಿರಬೇಕು, ಬಲ ಅಂಚಿಗೆ ತಾಗಬಾರದು. ಬೆಳ್ಳಕ್ಕಿಯ ಚಿತ್ರದಲ್ಲಿ ಹಿಸ್ಟೋಗ್ರಾಂ ಮೋಸ ಮಾಡುತ್ತದೆ, ಏಕೆಂದರೆ ಚಿಕ್ಕ ಹಕ್ಕಿ ಅಂಚಿನಲ್ಲಿ ಕಾಣದಷ್ಟು ತೆಳು ಗೆರೆಯಾಗಿರುತ್ತದೆ. ಅಲ್ಲಿ ಸುಟ್ಟ ಭಾಗ ಮಿಣುಕಿ ತೋರಿಸುವ ಹೈಲೈಟ್ ಎಚ್ಚರಿಕೆಯನ್ನು ಆನ್ ಮಾಡಿ, ಬೆನ್ನು ಮಿಣುಕುವುದು ನಿಲ್ಲುವವರೆಗೆ 0.3ರಂತೆ ಇಳಿಸಿ. ಸಂದೇಹವಿದ್ದರೆ ಕತ್ತಲೆಯ ಕಡೆಗೇ ತಪ್ಪಿ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ನೆರಳನ್ನು ಎತ್ತಬಹುದು, ಸ್ವಲ್ಪ ಕಾಳುಕಾಳು ಬರುತ್ತದೆ ಅಷ್ಟೆ. ಪೂರ್ತಿ ಸುಟ್ಟ ಗರಿ ಯಾವ ಸಾಫ್ಟ್‌ವೇರಿನಲ್ಲೂ ಮರಳದು.

ಮೊಬೈಲಿನಲ್ಲಿ ಪರದೆ ಮುಟ್ಟಿದಾಗ ಬರುವ ಸೂರ್ಯನ ಚಿತ್ರವನ್ನು ಎಳೆಯುವುದೂ ಇದೇ ಕೆಲಸ. ಆದರೆ ಹಲವು ಫೋನುಗಳಲ್ಲಿ ಮತ್ತೆ ಮುಟ್ಟಿದರೆ ಅದು ಸೊನ್ನೆಗೆ ಮರಳುತ್ತದೆ. ಕ್ಯಾಮೆರಾದ ತಿರುಗಣೆ ಹಾಗಲ್ಲ, ನಿನ್ನೆಯ +1.7ನ್ನು ಇವತ್ತಿನ ಬಿಸಿಲಿಗೂ ಹೊತ್ತು ತರುತ್ತದೆ.

ನಡುಮಧ್ಯಾಹ್ನದ ಅಡಿಕೆ ತೋಟದಲ್ಲಿ ಮಾತ್ರ ಈ ಗುಂಡಿಯನ್ನು ನೆಚ್ಚಬೇಡಿ. ಸೋಗೆಗಳ ಸಂದಿಯಿಂದ ಬಿದ್ದ ಬಿಸಿಲ ಚುಕ್ಕೆಗೂ ಪಕ್ಕದ ನೆರಳಿಗೂ ಅಂತರ ಎಷ್ಟಿರುತ್ತದೆಂದರೆ, ಪ್ಲಸ್ ಮಾಡಿದರೆ ಚುಕ್ಕೆ ಸುಡುತ್ತದೆ, ಮೈನಸ್ ಮಾಡಿದರೆ ನೆರಳು ಮುಳುಗುತ್ತದೆ. ಕಾಂಪನ್ಸೇಷನ್ ಇಡೀ ಚಿತ್ರವನ್ನು ಒಟ್ಟಿಗೆ ಏರಿಸಬಲ್ಲದು, ಇಳಿಸಬಲ್ಲದು; ಎರಡು ತುದಿಗಳನ್ನು ಹತ್ತಿರ ತರಲಾರದು. ಮೋಡವೊಂದು ಅಡ್ಡ ಬರುವವರೆಗೆ ಕಾಯಿರಿ.