ತಿಪ್ಪೆಗೆ ಹೋಗುತ್ತಿದ್ದ ಕಸ ತುಂಗೆಗೆ ಬಂದದ್ದು ಹೇಗೆ?

ಆಗುಂಬೆಯಲ್ಲಿ ಕಾರಿನ ಕಿಟಕಿಯಿಂದ ಎಸೆದ ಒಂದು ಚಿಪ್ಸ್ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ? ಘಾಟಿಯ ಕೆಳಗೆ ಬಿದ್ದರೆ ಸೀತಾ ನದಿ ಹಿಡಿದು ಅರಬ್ಬಿ ಸಮುದ್ರ ಸೇರುತ್ತದೆ. ತೀರ್ಥಹಳ್ಳಿ ಕಡೆ ಬಿದ್ದರೆ ಮಾಲತಿ ಹೊಳೆಗೆ ಇಳಿಯುತ್ತದೆ. ಅಲ್ಲಿಂದ ತುಂಗೆ, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ತುಂಗಭದ್ರೆ, ಮುಂದೆ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಜಾಗ ಅದು. ಅಲ್ಲಿ ಬಿದ್ದದ್ದು ಅಲ್ಲೇ ಉಳಿಯುವುದಿಲ್ಲ.

"ನಮ್ಮ ಜನಕ್ಕೆ ಇಷ್ಟೂ ಬುದ್ಧಿ ಇಲ್ವಾ" ಎಂದು ಬೇಜಾರು ಮಾಡಿಕೊಂಡು ಮಾತು ಮುಗಿಸುವುದು ಸುಲಭ. ಆದರೆ ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಡುವ ಊರುಗಳಿವು. ಅಂಥ ಮನೆಯಿಂದ ನಾಲ್ಕು ಹೆಜ್ಜೆ ಆಚೆ, ರಸ್ತೆ ತಿರುವಿನಲ್ಲಿ ಕಸದ ರಾಶಿ ಬಿದ್ದಿರುತ್ತದೆ. ಶುಚಿಯ ಅಭ್ಯಾಸವೇ ಇಲ್ಲದ ಜನ ಇವರಲ್ಲ. ಹಾಗಾದರೆ ಆ ಶುಚಿ ಗೇಟಿನ ಹತ್ತಿರ ಯಾಕೆ ನಿಂತುಹೋಯಿತು?

ಮಲೆನಾಡಿನಲ್ಲಿ ಹಿಂದೆ ಕಸ ಅಂದರೆ ಗೊಬ್ಬರ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ದನ ತುಳಿದ ಸೊಪ್ಪು, ಸಗಣಿ, ಒಲೆಯ ಬೂದಿ, ತರಕಾರಿ ಸಿಪ್ಪೆ, ಉಂಡು ಎತ್ತಿದ ಬಾಳೆ ಎಲೆ ಎಲ್ಲವೂ ಗೊಬ್ಬರಗುಂಡಿಗೆ ಹೋಗುತ್ತಿದ್ದವು. ಅಲ್ಲಿಂದ ಅಡಿಕೆ ಮರದ ಬುಡಕ್ಕೆ, ಗದ್ದೆಗೆ. ಅಂಗಡಿಯಿಂದ ಬೇಳೆ, ಬೆಲ್ಲ ಬರುತ್ತಿದ್ದದ್ದು ಹಳೇ ಪೇಪರಿನ ಪೊಟ್ಟಣದಲ್ಲಿ, ಮೇಲೊಂದು ದಾರ ಸುತ್ತಿ. ಆ ದಾರವನ್ನೂ ಬಿಚ್ಚಿ ಉಂಡೆ ಮಾಡಿ ಇಟ್ಟುಕೊಳ್ಳುತ್ತಿದ್ದರು. ಎಣ್ಣೆಗೆ, ಸೀಮೆಎಣ್ಣೆಗೆ ಮನೆಯಿಂದಲೇ ಬಾಟಲಿ, ಡಬ್ಬ ಹೋಗುತ್ತಿತ್ತು. ಬೇಡವಾದದ್ದನ್ನು ಹಿತ್ತಲಿನ ಆಚೆ ಎಸೆದರೂ ಮುಂದಿನ ಮಳೆಗಾಲಕ್ಕೆ ಅದು ಮಣ್ಣಾಗಿರುತ್ತಿತ್ತು. ಎಸೆದದ್ದನ್ನು ಮಣ್ಣು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಆಗ ಸುಳ್ಳಾಗಿರಲಿಲ್ಲ. ಕೈ ಆ ಅಭ್ಯಾಸಕ್ಕೆ ಒಗ್ಗಿಕೊಂಡಿತ್ತು, ಅಷ್ಟೇ.

ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಮಣ್ಣು ನೋಡಿಕೊಳ್ಳದ ಕೆಲವು ಕೆಲಸಗಳಿದ್ದವು. ಅವನ್ನು ಮನುಷ್ಯರ ಮೇಲೆ ಹೊರಿಸಿದ್ದೆವು. ಶಿವಮೊಗ್ಗದ ಹಳೇ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿ ಇರುತ್ತದೆ. ಊರಿನವರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಆ ಓಣಿ ಅಲ್ಲಿ ಯಾಕಿದೆ ಎಂದು ಈಗಿನ ಹುಡುಗರಿಗೆ ಗೊತ್ತಿರುವುದು ಕಡಿಮೆ. ಫ್ಲಶ್ ಪಾಯಿಖಾನೆ ಬರುವ ಮೊದಲು, ಮಲ ಹೊರುವ ಕೆಲಸದವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು ಬಿಟ್ಟ ದಾರಿ ಅದು. ನಮ್ಮ ಹೊಲಸನ್ನು ಬೇರೆ ಯಾರೋ, ನಮ್ಮ ಕಣ್ಣಿಗೆ ಬೀಳದ ಹಾಗೆ ಎತ್ತಿಕೊಂಡು ಹೋಗಬೇಕು ಎಂಬುದನ್ನು ಊರಿನ ನಕ್ಷೆಯಲ್ಲೇ ಬರೆದಿಟ್ಟಿದ್ದರು. ಆ ಯಾರೋ ಎಂದರೆ ಯಾವ ಜಾತಿಯವರು ಎಂಬುದೂ ಎಲ್ಲರಿಗೂ ಗೊತ್ತಿತ್ತು.

1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ. ಪೌರಕಾರ್ಮಿಕರ ಸ್ಥಿತಿ ನೋಡಲು ನೇಮಿಸಿದ ಐ.ಪಿ.ಡಿ. ಸಾಲಪ್ಪ ಸಮಿತಿ, 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದು 1976ರಲ್ಲಿ ಹೇಳಿತು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಆ ಲೆಕ್ಕ ಹಿಡಿದರೆ ಆಗಲೇ 645 ಜನ ಬೇಕಿತ್ತು. ತಲೆಯ ಮೇಲಿನ ಹೊರೆ ಇಳಿಯಿತು. "ಎತ್ತೋಕೆ ಅವರಿದ್ದಾರಲ್ಲ" ಎಂಬ ಮಾತು ಇಳಿಯಲಿಲ್ಲ. ಇವತ್ತೂ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಛತ್ರದ ಹಿಂದೆ ಅದೇ ಮಾತು ಕೇಳಿಸುತ್ತದೆ. ನಮ್ಮ ಕಸದ ಸಮಸ್ಯೆಯಲ್ಲಿ ನನಗೆ ಅತಿ ಕಷ್ಟದ ಗಂಟು ಎನಿಸುವುದು ಇದೇ. ಪ್ಲಾಸ್ಟಿಕ್ ನಿಷೇಧಿಸಿದರೂ ಇದು ಬಿಚ್ಚಿಕೊಳ್ಳುವುದಿಲ್ಲ.

ಪಾಯಿಖಾನೆಗಳು ಬದಲಾದ ಮೇಲೆ ಕನ್ಸರ್ವೆನ್ಸಿಗಳಿಗೆ ಕೆಲಸವಿಲ್ಲದಾಯಿತು. ಹಿಂದಿನ ಕಿಟಕಿಯಿಂದ ಕಸ ಬೀಳತೊಡಗಿತು. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಯೋಜನೆಯಲ್ಲಿ ಅನೇಕ ಕನ್ಸರ್ವೆನ್ಸಿಗಳನ್ನು ದುರಸ್ತಿ ಮಾಡಿ ಜನ ಓಡಾಡುವ ಹಾಗೆ ಮಾಡಿದರು. ನನ್ನ ಮಟ್ಟಿಗೆ ಇದು ಆ ಯೋಜನೆಯ ಒಳ್ಳೆಯ ಕೆಲಸಗಳಲ್ಲಿ ಒಂದು. ಜನ ನಡೆದಾಡುವ, ದೀಪ ಇರುವ ಜಾಗಕ್ಕೆ ಕಸ ಎಸೆಯಲು ಕೈ ಹಿಂಜರಿಯುತ್ತದೆ.

ಈಗ ಪ್ಯಾಕೆಟ್ಟಿನ ಕಥೆಗೆ ಬರೋಣ. 1980ರ ದಶಕದಲ್ಲಿ ಹಾಲು ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಬಂತು, ಶಾಂಪೂ ಸಣ್ಣ ಸ್ಯಾಶೆಗೆ ಬಂತು. 1990ರ ದಶಕದಲ್ಲಿ ಕುಡಿಯುವ ನೀರೂ ಬಾಟಲಿ ಸೇರಿತು. ಬಡವರ ಮನೆಗೂ ಒಂದು ರೂಪಾಯಿಗೆ ಶಾಂಪೂ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಖಾಲಿ ಸ್ಯಾಶೆಯನ್ನು ಏನು ಮಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಅದು ಹಳೇ ದಾರಿಯಲ್ಲೇ ಹಿತ್ತಲಿಗೆ ಹೋಯಿತು. ಬಚ್ಚಲು ಒಲೆ ಇರುವ ಮನೆಗಳಲ್ಲಿ ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್ ಬೆಂಕಿ ಹಚ್ಚಲು ಅನುಕೂಲವಾಯಿತು. ಮಳೆಗಾಲದಲ್ಲಿ ಸೌದೆ ಒದ್ದೆ ಇರುತ್ತದಲ್ವಾ. ಆ ಹೊಗೆ ಮೊದಲು ಹೋಗುವುದು ಸ್ನಾನದ ನೀರು ಕಾಯಿಸುತ್ತಾ ಕೂತವರ ಶ್ವಾಸಕೋಶಕ್ಕೆ.

ಗುಟ್ಕಾ ವಿಷಯ ನಮಗೆ ಇನ್ನೂ ಹತ್ತಿರದ್ದು. ಶಿವಮೊಗ್ಗದ ಎಪಿಎಂಸಿ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಿಸಿ ಮಾರುವ ಅಡಿಕೆಯಲ್ಲಿ ದೊಡ್ಡ ಪಾಲು ಪಾನ್ ಮಸಾಲಾ, ಗುಟ್ಕಾ ತಯಾರಿಕೆಗೆ ಉತ್ತರ ಭಾರತಕ್ಕೆ ಹೋಗುತ್ತದೆ. ನಮ್ಮ ಮಕ್ಕಳ ಓದು, ಮನೆ, ಮದುವೆ ನಡೆದಿರುವುದು ಆ ಹಣದಲ್ಲೇ. ಅದೇ ಅಡಿಕೆ ಪುಡಿಯಾಗಿ, ಹೊಳೆಯುವ ಪ್ಯಾಕೆಟ್ಟಿನಲ್ಲಿ ವಾಪಸ್ ಬಂದು ನಮ್ಮ ಗೂಡಂಗಡಿಗಳಲ್ಲಿ ನೇತಾಡುತ್ತದೆ. ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಗುಟ್ಕಾ ಮಾರಬಾರದು ಎಂಬ ಸುಪ್ರೀಂ ಕೋರ್ಟ್ ಆದೇಶ 2011ರ ಮಾರ್ಚ್‌ನಿಂದ ಜಾರಿಗೆ ಬಂತು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾವನ್ನೇ ನಿಷೇಧಿಸಿತು. ಆಮೇಲೆ ಆದದ್ದೇನು? ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ತಿನ್ನುವವರು ಎರಡನ್ನೂ ಕೊಂಡು ಬೆರೆಸಿಕೊಂಡರು. ರಸ್ತೆಗೆ ಬೀಳುವ ಚೂರು ಒಂದಿದ್ದದ್ದು ಎರಡಾಯಿತು. ಬಾಳೆ ಎಲೆಯ ಜಾಗಕ್ಕೆ ಬಳಸಿ ಬಿಸಾಡುವ ತಟ್ಟೆ ಬಂದದ್ದೂ ಪ್ಯಾಕೆಟ್ಟುಗಳ ಈ ಕಾಲದಲ್ಲೇ. ತೋಟದಲ್ಲಿ ಅಡಿಕೆ ಹಾಳೆ ಬಿದ್ದು ಕೊಳೆಯುತ್ತಿದ್ದರೂ ಪೇಟೆಯಿಂದ ಥರ್ಮಾಕೋಲ್ ತಟ್ಟೆ ತಂದೆವು. ಈಗ ಹಾಳೆ ತಟ್ಟೆ ಮತ್ತೆ ಬಳಕೆಗೆ ಬಂದಿರುವುದು ಸಮಾಧಾನದ ಸಂಗತಿ.

ಕಾನೂನು ತಡವಾಗಿ ಬಂತು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಭೀತಿ ಹಬ್ಬಿದಾಗ ದೇಶ ತನ್ನ ಕಸವನ್ನು ತಿರುಗಿ ನೋಡಿತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ನಗರಗಳ ಕಸದ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. ಅವು ಪುರಸಭೆ, ನಗರಸಭೆಗಳ ಗಡಿಯೊಳಗೆ ಮಾತ್ರ. 2016ರ ನಿಯಮಗಳು ಯಾತ್ರಾಸ್ಥಳಗಳನ್ನೂ ಸೇರಿಸಿಕೊಂಡವು. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರೆ ಮಾಡಿ ಕೊಡಬೇಕು, ಬೀದಿಗೆ, ಚರಂಡಿಗೆ, ನೀರಿಗೆ ಎಸೆಯಬಾರದು, ಸುಡಬಾರದು ಎಂದವು. ಅದೇ ವರ್ಷ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲೂ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಸಂತೆಯಲ್ಲಿ ಸೊಪ್ಪು ಕೊಳ್ಳಲು ಹೋದರೆ ಈ ನಿಷೇಧದ ಬಲ ಎಷ್ಟು ಎಂದು ಗೊತ್ತಾಗುತ್ತದೆ.

ಶಿವಮೊಗ್ಗ ನಗರದೊಳಗೆ ಬೀದಿ ತೊಟ್ಟಿಗಳು ಹೋಗಿ ಮನೆ ಬಾಗಿಲಿಗೆ ಕಸದ ಗಾಡಿ ಬಂತು. ಇದು ಸರಿಯಾದ ದಾರಿಯೇ. ಆದರೆ ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇಲ್ಲದವರು ಜಾಸ್ತಿ. ರೂಮು ಮಾಡಿಕೊಂಡಿರುವ ಹುಡುಗರು, ಬೆಳಗ್ಗೆಯೇ ಗಾರೆ ಕೆಲಸಕ್ಕೆ ಹೊರಡುವ ಗಂಡ ಹೆಂಡತಿ, ರಾತ್ರಿ ಅಂಗಡಿ ಮುಚ್ಚುವವರು. ಅವರ ಕಸ ಬೈಕಿನ ಹ್ಯಾಂಡಲಿಗೆ ನೇತು ಬಿದ್ದು, ಹಳೇ ತೊಟ್ಟಿ ಇದ್ದ ಜಾಗಕ್ಕೋ ತುಂಗಾ ನಾಲೆಯ ಏರಿಗೋ ಹೋಗುತ್ತದೆ. ಅವರನ್ನು ಬೈದರೆ ಏನೂ ಆಗದು. ಸಂಜೆ ಒಂದು ಗಾಡಿ ಬಂದರೆ ಅರ್ಧ ರಾಶಿ ಕರಗುತ್ತದೆ ಎಂಬುದು ನನ್ನ ನಂಬಿಕೆ. ಪಾಲಿಕೆ ಗಡಿಯಾಚೆಯ ಹೊಸ ಲೇಔಟುಗಳದ್ದು ಬೇರೆ ಕಷ್ಟ. ಮನೆಗಳು ನಗರದವು, ಆಡಳಿತ ಗ್ರಾಮ ಪಂಚಾಯತಿಯದು. ಇನ್ನು ಗಾಡಿಗೆ ಸೇರಿದ ಕಸ ಅನುಪಿನಕಟ್ಟೆಯ ಕಸ ವಿಲೇವಾರಿ ಜಾಗಕ್ಕೆ ಹೋಗುತ್ತದೆ. ನಾವು ಹಸಿ ಒಣ ಬೆರೆಸಿ ಕೊಟ್ಟಷ್ಟೂ ಅದರ ವಾಸನೆ ಕುಡಿಯುವವರು ಆ ಸುತ್ತಿನ ಹಳ್ಳಿಯವರು.

ಗಂಗಾ ಸ್ನಾನ, ತುಂಗಾ ಪಾನ ಎಂದು ಹೆಮ್ಮೆಯಿಂದ ಹೇಳುವ ಜನ ನಾವು. ಆ ನದಿಗೆ ಭಕ್ತಿಯಿಂದಲೇ ಕಸ ಬೀಳುವುದು ನನಗೆ ತುಂಬಾ ನೋವು ಕೊಡುವ ವಿಷಯ. ತೀರ್ಥಸ್ನಾನದ ಜಾಗಗಳಲ್ಲಿ ಉಟ್ಟ ಬಟ್ಟೆ ಬಿಟ್ಟು ಹೋಗುತ್ತಾರೆ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಕವರಿನ ಸಮೇತ ಸೇತುವೆಯಿಂದ ಹಾಕುತ್ತಾರೆ. ಹತ್ತಿ ಬಟ್ಟೆ, ಬರೀ ಹೂವು ಇದ್ದಾಗ ನಡೆದದ್ದು ಪಾಲಿಸ್ಟರ್ ಸೀರೆಗೆ, ಕವರಿಗೆ ನಡೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಹೊರಟು ನದಿಯ ಜೊತೆ ಪಾದಯಾತ್ರೆ ಮಾಡಿದರು. ಹೊಳೆಯ ದಂಡೆಯ ಊರುಗಳಲ್ಲಿ ನಿಂತು ಜನರ ಹತ್ತಿರ ಮಾತಾಡಿದರು. ದೇವಸ್ಥಾನದ ಅರ್ಚಕರು, ಪುರೋಹಿತರು ಇದೇ ಮಾತನ್ನು ಸಂಕಲ್ಪದ ಹೊತ್ತಿಗೆ ಹೇಳಿದರೆ ಯಾವ ಬೋರ್ಡಿಗಿಂತಲೂ ಹೆಚ್ಚು ಜನ ಕೇಳುತ್ತಾರೆ.

ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಘಾಟಿ ಇಳಿದರೆ ಕೊಲ್ಲೂರಿನ ದಾರಿಯಲ್ಲಿ ವಂಡ್ಸೆ ಇದೆ. ಅಲ್ಲಿನ ಗ್ರಾಮ ಪಂಚಾಯತಿ ಮನೆಮನೆಯಿಂದ ಕಸ ತಂದು, ಕೈಯಲ್ಲಿ ವಿಂಗಡಿಸಿ, ಮಾರುವುದನ್ನು ಮಾರಿ, ಹಸಿಯನ್ನು ಗೊಬ್ಬರ ಮಾಡಿ ಹೆಸರಾಯಿತು. ಕಾರ್ಕಳದ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯತಿಗಳ ಒಣ ಕಸಕ್ಕಾಗಿ ದೊಡ್ಡ ವಿಂಗಡಣೆ ಘಟಕ ನಡೆಯುತ್ತಿದೆ. ಒಂದೊಂದು ಸಣ್ಣ ಪಂಚಾಯತಿಗೆ ಆಗದ ಕೆಲಸ ಹತ್ತಾರು ಪಂಚಾಯತಿ ಸೇರಿದರೆ ಆಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕಿನ ಚದುರಿದ ಮನೆಗಳಿಗೆ ಇದು ಬೇಕೇ ಬೇಕು.

ಇನ್ನುಳಿದದ್ದು ಪ್ರವಾಸಿಗರ ಕಸ. ಆಗುಂಬೆ, ಕೊಡಚಾದ್ರಿ, ಕುಂದಾದ್ರಿ, ಕವಲೇದುರ್ಗಕ್ಕೆ ವಾರದ ಕೊನೆಗೆ ಬರುವ ಗಾಡಿಗಳು ಬಿಟ್ಟುಹೋಗುವುದನ್ನು ಎತ್ತುವ ಖರ್ಚು, ಊರಿನ ಮನೆಕಂದಾಯದಿಂದ ಬದುಕುವ ಸಣ್ಣ ಪಂಚಾಯತಿಗಳ ಮೇಲೆ ಬೀಳುವುದು ಅನ್ಯಾಯ. ನೀಲಗಿರಿಯಲ್ಲಿ ಕಾಡುಪ್ರಾಣಿಗಳ ಕಾಲಿಗೆ ಬಾಟಲಿ ಗಾಜು ಚುಚ್ಚುವ ವಿಷಯ ಮದ್ರಾಸ್ ಹೈಕೋರ್ಟಿನ ತನಕ ಹೋಗಿತ್ತು. 2022ರಿಂದ ಅಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ವಾಪಸ್ ತಂದವರಿಗೆ ಆ ಹಣ ಮರಳಿಸುತ್ತಿದ್ದಾರೆ. ಹೆಚ್ಚಿನ ಬಾಟಲಿಗಳು ಅಂಗಡಿಗೇ ಹಿಂತಿರುಗುತ್ತಿವೆ. ಕುಡಿದವರು ಎಸೆದರೂ ಇನ್ಯಾರೋ ಹೆಕ್ಕಿ ತರುತ್ತಾರೆ. ಶಿವಮೊಗ್ಗ ಜಿಲ್ಲಾಡಳಿತ ಮೊದಲು ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ, ಮದ್ಯದ ಬಾಟಲಿ ಮತ್ತು ನೀರಿನ ಬಾಟಲಿ ಎರಡಕ್ಕೂ ಇದನ್ನು ಮಾಡಿ ನೋಡಬಹುದು. ಬಂದುಹೋಗುವ ಗಾಡಿಗಳ ಮೇಲೆ ಕಣ್ಣಿಡಲು ಘಾಟಿಯ ಚೆಕ್‌ಪೋಸ್ಟುಗಳು ಈಗಾಗಲೇ ಇವೆ.