ನಗರಸಭೆ ನೌಕರರಿಗೆ ನ್ಯಾಯವಾದ ಸಂಬಳ ಎಷ್ಟು? ಮಡಿಕೇರಿಯನ್ನಿಟ್ಟುಕೊಂಡು ಒಂದು ಲೆಕ್ಕ

ಪರೀಕ್ಷೆಗೆ ಓದುವಾಗ ‘ನ್ಯಾಯವಾದ ವೇತನ’ ಅಂದ ಕೂಡಲೇ ಎರಡು ಸಾಲಿನ ವ್ಯಾಖ್ಯಾನ ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ನಾನೂ ಹಾಗೇ ಮಾಡಿದ್ದೆ. ಪೆನ್ನು ಹಿಡಿದು ಲೆಕ್ಕ ಬಿಡಿಸಿದ ಮೇಲೆ ಒಂದು ವಿಷಯ ಹೊಳೆಯಿತು. ಸೂತ್ರ ದೇಶಕ್ಕೆಲ್ಲ ಒಂದೇ ಇರಬಹುದು, ಆದರೆ ಅದರೊಳಗೆ ಹಾಕುವ ಅಂಕಿ ಆ ಊರಿನದ್ದೇ ಆಗಿರಬೇಕು.

ಮೊದಲು ಬುನಾದಿ. 1948ರ ನ್ಯಾಯಯುತ ವೇತನ ಸಮಿತಿ ಕೂಲಿಯನ್ನು ಮೂರು ಮೆಟ್ಟಿಲಾಗಿ ನೋಡಿತು. ಕೆಳಗೆ ಕನಿಷ್ಠ ಕೂಲಿ. ಇದು ಹೊಟ್ಟೆಪಾಡಿಗಷ್ಟೇ ಅಲ್ಲ, ದುಡಿಯುವ ಶಕ್ತಿ ಉಳಿಯುವಷ್ಟು ಇರಬೇಕು. ಮೇಲೆ ಜೀವನ ವೇತನ, ಅಂದರೆ ಮಾನವಾಗಿ ಬದುಕುವಷ್ಟು. ಸಂವಿಧಾನದ 43ನೇ ವಿಧಿ ಹೇಳುವುದು ಇದನ್ನೇ. ನ್ಯಾಯವಾದ ವೇತನ ಇವೆರಡರ ನಡುವೆ ಬರುತ್ತದೆ. ಅದರ ಕೆಳಗಿನ ಗೆರೆ ಕನಿಷ್ಠ ಕೂಲಿ, ಮೇಲಿನ ಗೆರೆ ಕೊಡುವವರ ಶಕ್ತಿ.

ಕನಿಷ್ಠ ಕೂಲಿಯ ಲೆಕ್ಕ ಕೊಟ್ಟದ್ದು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ. ಮನೆಯವರ ಬಳಕೆಯನ್ನು ಅದು ಘಟಕಗಳಲ್ಲಿ ಅಳೆಯಿತು: ದುಡಿಯುವ ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಒಟ್ಟು 3 ಘಟಕ. ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಊಟ. ನಾಲ್ಕು ಜನರಿಗೆ ವರ್ಷಕ್ಕೆ 72 ಗಜ ಬಟ್ಟೆ. ಆಮೇಲೆ ಮನೆ ಬಾಡಿಗೆ. ಸೌದೆ, ದೀಪ, ಚಿಲ್ಲರೆ ಖರ್ಚಿಗೆ ಒಟ್ಟು ಕೂಲಿಯ 20%. 1991ರ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ 25% ಸೇರಿಸಿತು. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿನ ಕಾಲ ಎಲ್ಲ ಇದರಲ್ಲಿ ಬಂತು. (ಮನೆಯಲ್ಲಿರುವ ಅಪ್ಪ ಅಮ್ಮ ಈ ಮೂರು ಘಟಕದಲ್ಲಿ ಇಲ್ಲ, ಗಮನಿಸಿ. ಪೊರಕೆ ಹಿಡಿದು ಮನೆ ನಡೆಸುವ ಹೆಂಗಸನ್ನು 0.8 ಅಂತ ಎಣಿಸುವುದೂ ನನಗೆ ಸರಿ ಕಾಣುವುದಿಲ್ಲ.)

ಇಲ್ಲಿ ತುಂಬಾ ಜನ ಎಡವುತ್ತಾರೆ. ಲೆಕ್ಕಕ್ಕೆ ಅಂತ ಊಟ, ಬಟ್ಟೆಗೆ 12,000, ಬಾಡಿಗೆಗೆ 4,500 ಇಟ್ಟುಕೊಳ್ಳೋಣ. ಒಟ್ಟು 16,500. ಇದಕ್ಕೆ ಸುಮ್ನೆ 45% ಕೂಡಿಸಿದರೆ 23,925 ಬರುತ್ತದೆ. ಅದು ತಪ್ಪು. 20% ಮತ್ತು 25% ಎರಡೂ ಒಟ್ಟು ಕೂಲಿಯ ಪಾಲು. ಅಂದರೆ 16,500 ರೂಪಾಯಿ ಒಟ್ಟು ಕೂಲಿಯ 55%. ಹಾಗಾಗಿ 0.55ರಿಂದ ಭಾಗಿಸಬೇಕು. ಉತ್ತರ 30,000. ವ್ಯತ್ಯಾಸ ತಿಂಗಳಿಗೆ 6,075 ರೂಪಾಯಿ! ಬಾಡಿಗೆ ಒಂದು ಸಾವಿರ ಜಾಸ್ತಿ ಆದರೆ ಕೂಲಿ ಏರಬೇಕಾದ್ದು ಒಂದು ಸಾವಿರವಲ್ಲ, ಸುಮಾರು 1,818.

ಈಗ ಕೊಡಗಿಗೆ ಬರೋಣ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕನಿಗೆ ಈ ಪಟ್ಟಿ ಓದಿ ಹೇಳಿದೆ. ಜುಲೈ ತಿಂಗಳು, ಬಿಡದ ಮಳೆ. ಪ್ಲಾಸ್ಟಿಕ್ ಹೊದ್ದುಕೊಂಡು ಚರಂಡಿ ಬಾಯಿಗೆ ಸಿಕ್ಕಿಕೊಂಡ ಎಲೆ, ಬಾಟಲಿ ಎಳೆದು ಹಾಕುತ್ತಿದ್ದರು. ಬೆರಳ ತುದಿಗಳು ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಎಲ್ಲ ಕೇಳಿ, ‘ಬಟ್ಟೆ ಒಣಗಿಸೋಕೆ ಸೌದೆ ಬೇಕಲ್ಲ, ಅದನ್ನ ಎಲ್ಲಿ ಬರ್ದಿದ್ದೀಯ?’ ಅಂದರು. ನಿಜ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆ ಮೇಲೆ ಹಗ್ಗ ಕಟ್ಟದಿದ್ದರೆ ಮರುದಿನ ಹಾಕಲು ಒಣ ಬಟ್ಟೆ ಇರುವುದಿಲ್ಲ. 72 ಗಜದ ಲೆಕ್ಕದಲ್ಲಿ ಕಂಬಳಿ, ರೇನ್‌ಕೋಟ್, ಗಂಬೂಟು ಯಾವುದೂ ಇಲ್ಲ.

ಬಾಡಿಗೆ ವಿಷಯ ಇನ್ನೂ ಮುಖ್ಯ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ತುಟ್ಟಿಭತ್ಯೆ, ಬಾಡಿಗೆ ಭತ್ಯೆ ಸೇರಿದರೆ ಖಾಯಂ ನೌಕರರ ಸಂಬಳ ನಮ್ಮ 30,000ದ ಗೆರೆ ದಾಟುತ್ತದೆ. ಇದು ಒಳ್ಳೆಯದೇ. ಆದರೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆ ನೋಡಿ ಕೊಡುತ್ತಾರೆ. ಬೆಂಗಳೂರಿಗೆ 20%, ಮಡಿಕೇರಿಯಂಥ ಸಣ್ಣ ಊರಿಗೆ 7.5%. 27,000ದ ಮೇಲೆ ಇದು 2,025 ರೂಪಾಯಿ. ಮಡಿಕೇರಿಯಲ್ಲಿ ಖಾಲಿ ಕೋಣೆ ಇದ್ದವರು ಅದನ್ನು ಹೋಂಸ್ಟೇಗೆ ಕೊಡಲು ನೋಡುತ್ತಾರೆ. ಬಾಡಿಗೆ ಏರುವುದು ಪ್ರವಾಸಿಗರಿಂದ, ಭತ್ಯೆ ನಿಂತಿರುವುದು ಜನಗಣತಿಯ ಮೇಲೆ.

ಸಮಾನ ಕೆಲಸಕ್ಕೆ ಸಮಾನ ವೇತನ ಸಂವಿಧಾನದ 39(ಡಿ) ವಿಧಿಯಲ್ಲಿದೆ. 2016ರ ಜಗಜಿತ್ ಸಿಂಗ್ ಪ್ರಕರಣ ನೆನಪಿಡಿ. ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೊರಗುತ್ತಿಗೆಯಲ್ಲಿ ಮಾತ್ರ ‘ಮಾಲೀಕ ಗುತ್ತಿಗೆದಾರ, ನಾವಲ್ಲ’ ಅನ್ನುವ ತಕರಾರು ನಗರಸಭೆಯಿಂದ ಬರುತ್ತದೆ. ಒಂದೇ ಕಸದ ಗಾಡಿಯ ಹಿಂದೆ ಎರಡು ಸಂಬಳ ನಡೆಯುವುದು ಹೀಗೆ.

ಇನ್ನು ಕೊಡುವ ಶಕ್ತಿ. ಖಾಯಂ ನೌಕರರ ಸಂಬಳ ಬಹುಪಾಲು ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಸರ್ಕಾರ ಕೊಡುವ ಅನುದಾನದಿಂದ ಬರುತ್ತದೆ. ಉಳಿದ ಖರ್ಚಿಗೆ ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆಯಂಥ ಸ್ವಂತ ಆದಾಯವೇ ಗತಿ. ವಸೂಲಿ ನಿಂತರೆ ಮೊದಲು ಕಾಯಬೇಕಾದವರು ಕಡಿಮೆ ಸಂಬಳದವರೇ. ಆದರೆ ‘ದುಡ್ಡಿಲ್ಲ’ ಅನ್ನುವ ಮಾತು ಕನಿಷ್ಠ ಕೂಲಿಗೆ ನಡೆಯುವುದಿಲ್ಲ. 1957ರ ಕ್ರೌನ್ ಅಲ್ಯೂಮಿನಿಯಂ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಇದನ್ನು ಖಡಾಖಂಡಿತವಾಗಿ ಹೇಳಿದೆ. ಕನಿಷ್ಠ ಕೂಲಿ ಕೊಡಲಾಗದ ಉದ್ಯಮಕ್ಕೆ ಇರುವ ಹಕ್ಕೇ ಇಲ್ಲ. ಕೊಡುವ ಶಕ್ತಿಯ ಚರ್ಚೆ ಶುರುವಾಗುವುದು ಆ ಗೆರೆಯ ಮೇಲೆ.

ಕೊನೆಗೆ ಕೆಲಸದ ಹೊರೆ. ಸಂಬಳ ನ್ಯಾಯವೋ ಅಲ್ಲವೋ ಅನ್ನುವುದು ಒಬ್ಬರ ತಲೆ ಮೇಲೆ ಎಷ್ಟು ಕೆಲಸ ಬೀಳುತ್ತದೆ ಅನ್ನುವುದರ ಮೇಲೂ ನಿಂತಿದೆ. ಕರ್ನಾಟಕದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಅನ್ನುವ ಅಳತೆ ಇದೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನ ಸುಮಾರು 33,000. ಭಾಗಿಸಿದರೆ 47. ಶುಕ್ರವಾರದ ಸಂತೆಗೆ ಹಳ್ಳಿಗಳಿಂದ ಬರುವವರು ಇದರಲ್ಲಿಲ್ಲ. ಶನಿವಾರ, ಭಾನುವಾರ ರಾಜಾಸೀಟು ಉದ್ಯಾನಕ್ಕೆ ಬರುವವರೂ ಇಲ್ಲ. ವಿಜಯದಶಮಿ ರಾತ್ರಿ ದಶಮಂಟಪ (ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ) ನೋಡಲು ಬೆಳಗಿನ ತನಕ ಬೀದಿ ತುಂಬುವ ಜನಸಾಗರವಂತೂ ಇಲ್ಲವೇ ಇಲ್ಲ. ಈ ಸಲ ಮಂಟಪ ನೋಡಿ ಮನೆಗೆ ಹೋಗಿ ಮಲಗುವುದಿಲ್ಲ. ಬೆಳಿಗ್ಗೆ ಗುಡಿಸುವುದು ಶುರುವಾಗುವ ತನಕ ನಿಂತು, ಎಷ್ಟು ಜನ, ಎಷ್ಟು ಗಂಟೆ ಅಂತ ಬರೆದುಕೊಳ್ಳಬೇಕು ಅಂದುಕೊಂಡಿದ್ದೇನೆ. ಜೊತೆಗೆ ಬರುವವರು ಒಂದು ನೋಟ್‌ಬುಕ್ ತನ್ನಿ.