ಹೆಸರು ಅದೇ, ಲೀ ಬೇರೆ

ಅಮೆರಿಕದ ವರ್ಜೀನಿಯಾದಲ್ಲಿ, ಪೀಟರ್ಸ್‌ಬರ್ಗ್ ಹತ್ತಿರ ಒಂದು ಸೇನಾ ನೆಲೆ ಇದೆ. 2023ರಲ್ಲಿ ಅದರ ಬೋರ್ಡಿನಿಂದ ಫೋರ್ಟ್ ಲೀ ಹೋಗಿ ಫೋರ್ಟ್ ಗ್ರೆಗ್-ಆಡಮ್ಸ್ ಬಂತು. 2025ರಲ್ಲಿ ಮತ್ತೆ ಫೋರ್ಟ್ ಲೀ. ಆದರೆ ಈ ಲೀ ಹಳೆಯ ಲೀ ಅಲ್ಲ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳು ಒಂದು ಕಡೆ, ಉತ್ತರ ಇನ್ನೊಂದು ಕಡೆ. ಉತ್ತರದ ಸೇನೆ ಸೇರಿದ ಕಪ್ಪು ಸೈನಿಕರು ಸುಮಾರು 1,80,000. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಳ್ಳುತ್ತಿದ್ದರು. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟ್ ಅಂಥ ಸಂಬಳವೇ ಬೇಡ ಎಂದಿತು. ಅದರ ಸ್ಮಾರಕ 1897ರಲ್ಲಿ ಬಾಸ್ಟನ್‌ನಲ್ಲಿ ಎದ್ದಿತು. ಕುದುರೆಯ ಮೇಲೆ ಬಿಳಿಯ ಕರ್ನಲ್, ಪಕ್ಕದಲ್ಲಿ ನಡೆಯುವ ಕಪ್ಪು ಸೈನಿಕರು. ಸತ್ತ ಬಿಳಿಯ ಅಧಿಕಾರಿಗಳ ಹೆಸರನ್ನು ಆಗಲೇ ಕೆತ್ತಿದ್ದರು. ಸೈನಿಕರ ಹೆಸರು ಸೇರಿದ್ದು 1982ರಲ್ಲಿ.

ದಕ್ಷಿಣದಲ್ಲಿ ಸೋತವರಿಗೆ ಇಷ್ಟು ಕಾಯಬೇಕಾಗಲಿಲ್ಲ. ಊರೂರಿನ ಕೋರ್ಟಿನ ಮುಂದೆ ಪ್ರತಿಮೆಗಳು ನಿಂತವು. 1917ರಲ್ಲಿ ಪೀಟರ್ಸ್‌ಬರ್ಗ್ ಶಿಬಿರಕ್ಕೂ ಅವರ ದಂಡನಾಯಕ ರಾಬರ್ಟ್ ಇ. ಲೀ ಹೆಸರಿಟ್ಟರು. ಅದು ಅಲುಗಾಡಲು 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಕಪ್ಪು ಜನರ ಹತ್ಯೆ, 2017ರಲ್ಲಿ ಲೀ ಪ್ರತಿಮೆ ತೆಗೆಯುವ ವಿಷಯಕ್ಕೆ ಚಾರ್ಲೊಟ್ಸ್‌ವಿಲ್ ಗಲಭೆ, 2020ರಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಸಾವು, ಇಷ್ಟೆಲ್ಲ ಆಗಬೇಕಾಯಿತು. ನೆಲೆಗಳಿಂದ ಅಂಥ ಹೆಸರು ತೆಗೆಯಬೇಕೆಂಬ ಕಾನೂನು 2021ರ ಜನವರಿಯಲ್ಲಿ ಬಂತು.

ಹೊಸ ಹೆಸರಿನ ಇಬ್ಬರೂ ಕಪ್ಪು ಅಧಿಕಾರಿಗಳು. ಚಾರಿಟಿ ಆಡಮ್ಸ್ 1945ರಲ್ಲಿ 855 ಮಹಿಳೆಯರ ಅಂಚೆ ದಳ ಕಟ್ಟಿಕೊಂಡು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದವರು. ಯುದ್ಧಭೂಮಿಯ ಸೈನಿಕರಿಗೆ ತಲುಪದೆ ಬಿದ್ದಿದ್ದ ಪತ್ರಗಳ ರಾಶಿ ಅಲ್ಲಿತ್ತು. ಆರು ತಿಂಗಳ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು. ಆರ್ಥರ್ ಗ್ರೆಗ್ ಯುವ ಅಧಿಕಾರಿಯಾಗಿ ಇದೇ ನೆಲೆಗೆ ಬಂದಾಗ ಸೇನೆಯಲ್ಲಿ ವರ್ಣಭೇದ ಕಾಗದದ ಮೇಲೆ ಹೋಗಿತ್ತು. ಅಧಿಕಾರಿಗಳ ಕ್ಲಬ್ಬಿನೊಳಗೆ ಮಾತ್ರ ಬಿಡಲಿಲ್ಲ. ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾದ ಅವರು, ನೆಲೆಗೆ ತಮ್ಮ ಹೆಸರಿಡುವ ಸಮಾರಂಭಕ್ಕೆ ಖುದ್ದು ಬಂದಿದ್ದರು. 2024ರಲ್ಲಿ ತೀರಿಕೊಂಡರು.

ಮರುವರ್ಷವೇ ಹಳೆಯ ಹೆಸರು ಬೇಕು ಎಂಬ ಆದೇಶ. ಕಾನೂನು ಅಡ್ಡ ಬಂತು, ಅಲ್ವಾ? ಅದಕ್ಕೊಂದು ದಾರಿ ಹುಡುಕಿದರು. ಅದೇ ಅಡ್ಡಹೆಸರಿನ ಬೇರೊಬ್ಬ ಸೈನಿಕ. ಸಿಕ್ಕಿದ್ದು ಫಿಟ್ಜ್ ಲೀ. 1898ರಲ್ಲಿ ಕ್ಯೂಬಾದಲ್ಲಿ ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಬಿಡಿಸಿ ತಂದು ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಪಡೆದ ಕಪ್ಪು ಸೈನಿಕ. ಆತನ ಯೋಗ್ಯತೆ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ಆತನ ಅಡ್ಡಹೆಸರು ಲೀ ಅಲ್ಲದಿದ್ದರೆ ಯಾರಿಗಾದರೂ ನೆನಪಾಗುತ್ತಿತ್ತೇ?

ದಕ್ಷಿಣದ ಸೇನೆಯ ಜನರಲ್ ಲಿಯೋನಿಡಾಸ್ ಪೋಲ್ಕ್ ಹೆಸರಿದ್ದ ಲೂಸಿಯಾನಾದ ಫೋರ್ಟ್ ಪೋಲ್ಕ್‌ಗೂ 2023ರಲ್ಲಿ ಮೊದಲ ಮಹಾಯುದ್ಧದ ಕಪ್ಪು ವೀರ ಹೆನ್ರಿ ಜಾನ್ಸನ್ ಹೆಸರಿಟ್ಟಿದ್ದರು. ಅಲ್ಲಿಗೆ ಪೋಲ್ಕ್ ಎಂಬ ಕಪ್ಪು ಸೈನಿಕ ಸಿಗಲಿಲ್ಲವೇನೋ. ಈಗ ಅದು ಬಿಳಿಯ ಜನರಲ್ ಜೇಮ್ಸ್ ಪೋಲ್ಕ್ ಹೆಸರಿನಲ್ಲಿದೆ.